ಹುಣಸೆಬೀಜದ ಜಾಡು ಹಿಡಿದು ಆಫ್ರಿಕಾಕ್ಕೆ

ಕೇಳುಗರಿಗೆ ನಮಸ್ಕಾರ. ಅಂಗನವಾಡಿ, ಶಿಶುವಿಹಾರಗಳಲ್ಲಿ ನಾಲ್ಕೈದು ವರ್ಷದ ಮಕ್ಕಳ ಜೊತೆ ದಿನ ಕಳೆಯುವವರಿಗಾಗಿ ಇವತ್ತಿನ ಮಾತು. ಆ ಮಕ್ಕಳಿಗೆ ಆಫ್ರಿಕಾ ಖಂಡವನ್ನು ಪರಿಚಯಿಸುವುದು ಹೇಗೆ?

ಸಾಮಾನ್ಯವಾಗಿ ಸಿಂಹ, ಜಿರಾಫೆಗಳ ಚಿತ್ರಪಟ ತೂಗುಹಾಕಿ ಶುರುಮಾಡುತ್ತೇವೆ. ಮಕ್ಕಳಿಗೆ ಖುಷಿಯಾಗುತ್ತದೆ, ನಿಜ. ಆದರೆ ಆಫ್ರಿಕಾ ಅಂದರೆ ಬರೀ ಕಾಡು ಅನ್ನುವುದು ತಲೆಯಲ್ಲಿ ಕೂತುಬಿಡುತ್ತದೆ, ಆಮೇಲೆ ಕೀಳುವುದು ಕಷ್ಟ. ಅದರ ಬದಲು ಅಡುಗೆಮನೆಯಿಂದ ಶುರುಮಾಡಿ. ನಮ್ಮ ಮುದ್ದೆಯ ರಾಗಿ ಮೊದಲು ಬೆಳೆಯಾದದ್ದು ಇಥಿಯೋಪಿಯಾ, ಉಗಾಂಡ ಕಡೆಯ ಎತ್ತರದ ನೆಲದಲ್ಲಿ. ರೊಟ್ಟಿಯ ಬಿಳಿಜೋಳ ಸುಡಾನ್ ಕಡೆಯದು. ಸಾರಿಗೆ ಕಿವುಚುವ ಹುಣಸೆಯ ತವರೂ ಆಫ್ರಿಕಾವೇ.

ಮೊದಲು ನೆಲದ ಮೇಲೆ ನಕ್ಷೆ. ಸೀಮೆಸುಣ್ಣದಲ್ಲಿ ಬರೆದರೆ ಮಕ್ಕಳ ಕಾಲಿಗೆ ಹತ್ತೇ ನಿಮಿಷದಲ್ಲಿ ಅಳಿಸಿಹೋಗುತ್ತದೆ. ಸುಮಾರು 20 ಅಡಿ ಹಗ್ಗ ತೆಗೆದುಕೊಂಡು, ಮೇಲಿನಿಂದ ಕೆಳಕ್ಕೆ 5 ಅಡಿ ಬರುವಂತೆ ಆಫ್ರಿಕಾದ ಆಕಾರಕ್ಕೆ ಹಾಸಿ. ಅಡಿಗೊಂದು ಕಡೆ ಟೇಪು ಅಂಟಿಸಿ, ಇಲ್ಲದಿದ್ದರೆ ಕಾಲಿಗೆ ಸಿಕ್ಕಿ ಎಡವುತ್ತಾರೆ. ಅದೇ ಅಳತೆಗೆ ರಟ್ಟಿನಲ್ಲಿ 2 ಅಡಿ ಉದ್ದದ ಭಾರತ ಕತ್ತರಿಸಿಡಿ. ಆಫ್ರಿಕಾ ನಮ್ಮ ದೇಶದ ಒಂಬತ್ತು ಪಟ್ಟಿನಷ್ಟಿದೆ; ಅಂಕಿ ಹೇಳಬೇಡಿ, ಮಕ್ಕಳೇ ರಟ್ಟನ್ನು ಒಳಗೆ ಜರುಗಿಸಿ ನೋಡಲಿ. ರಾಗಿ, ಜೋಳ ಚೆಲ್ಲದಂತೆ ಡಬ್ಬದ ಮುಚ್ಚಳದಲ್ಲಿ ಹಾಕಿ ಅವುಗಳ ಜಾಗದಲ್ಲಿ ಇಡಿಸಿ.

ಇನ್ನು ಆಟ. ನಮ್ಮ ಅಳಗುಳಿಮಣೆಗೆ 14 ಗುಳಿ. ಪಶ್ಚಿಮದ ಘಾನಾ ದೇಶದಲ್ಲಿ ಒವಾರೆ ಅಂತ ಇದರ ನಂಟಿನ ಆಟವಿದೆ. ಅದಕ್ಕೆ ಎರಡು ಸಾಲಿನಲ್ಲಿ ಆರಾರು, ಒಟ್ಟು 12 ಗುಳಿ, ಗುಳಿಗೆ ನಾಲ್ಕರಂತೆ 48 ಕಾಳು. 30 ಮೊಟ್ಟೆಯ ಕಾಗದದ ಟ್ರೇಯಲ್ಲಿ ಆರು ಗುಳಿಯ ಐದು ಸಾಲು ಇರುತ್ತದಲ್ಲ, ಎರಡೆರಡು ಸಾಲು ಕತ್ತರಿಸಿದರೆ ಒಂದೇ ಟ್ರೇಗೆ ಎರಡು ಮಣೆ. ಮೊಟ್ಟೆ ಒಡೆದು ಸುರಿದ ಟ್ರೇ ಬೇಡವೇ ಬೇಡ. ಕತ್ತರಿಸಿದ ಮೇಲೆ ಮಣೆ ಬಾಗುತ್ತದೆ, ಅಡಿಗೆ ರಟ್ಟು ಅಂಟಿಸಿ. ಕಾಳಿಗೆ ತೊಳೆದು ಒಣಗಿಸಿದ ಹುಣಸೆಬೀಜ.

ಮೊದಲ ದಿನ ಗುಳಿಗೆ ಎರಡೇ ಬೀಜ. ತನ್ನ ಸಾಲಿನ ಒಂದು ಗುಳಿ ಬರಿದುಮಾಡಿ, ಬಲಗಡೆಗೆ ಗುಳಿಗೊಂದರಂತೆ ಬಿಡುತ್ತಾ ಸುತ್ತಬೇಕು. ಹೆಚ್ಚಿನ ಮಕ್ಕಳು ತಪ್ಪುವುದು ಇಲ್ಲೇ: ಬಾಯಿ ಒಂದು, ಎರಡು, ಮೂರು ಅಂತ ಓಡುತ್ತದೆ, ಬೀಜವೆಲ್ಲ ಮುಂದಿನ ಗುಳಿಗೇ ಸುರಿದುಹೋಗಿರುತ್ತದೆ. ಎಣಿಸುವುದನ್ನು ನಿಲ್ಲಿಸಿ, ಬೀಜ ಟಪ್ ಎಂದು ಬೀಳುವ ಸದ್ದು ಕೇಳಿದ ಮೇಲೆ ಕೈ ಮುಂದೆ ಹೋಗಲಿ ಅನ್ನಿ. ಎರಡು ಮೂರು ದಿನಕ್ಕೆ ಕೈ ಕೂರುತ್ತದೆ, ಆಗ ನಾಲ್ಕು ಬೀಜಕ್ಕೆ ಹೋಗಿ. ಕೊನೆಯ ಕಾಳು ಎದುರಿನವರ ಗುಳಿಗೆ ಬಿದ್ದು ಎರಡೋ ಮೂರೋ ಆದರೆ ಅವನ್ನು ಗೆಲ್ಲುವ ನಿಯಮ ಐದು ವರ್ಷ ದಾಟಿದವರಿಗೆ ಸಾಕು.

ಊಟದ ಹೊತ್ತಿಗೆ ಪೂರ್ವದ ಕೀನ್ಯಾ, ತಾಂಜಾನಿಯಾ. ಅಲ್ಲಿ ಮೆಕ್ಕೆಜೋಳದ ಹಿಟ್ಟಿನ ಉಗಾಲಿ ತಿನ್ನುತ್ತಾರೆ. ನಾವು ಮುದ್ದೆ ಮುರಿದು ಸಾರಿಗದ್ದಿ ನುಂಗುತ್ತೇವೆ. ಅವರು ತುತ್ತನ್ನು ಹೆಬ್ಬೆರಳಿನಿಂದ ಒತ್ತಿ ಗುಂಡಿ ಮಾಡಿ, ಅದರಲ್ಲಿ ಪಲ್ಯ ಎತ್ತಿಕೊಳ್ಳುತ್ತಾರೆ. ಮುದ್ದೆ ಮೆತ್ತಗಾದರೆ ಗುಂಡಿ ನಿಲ್ಲದು, ಆವತ್ತು ಹಿಟ್ಟು ಸ್ವಲ್ಪ ಜಾಸ್ತಿಯಿರಲಿ.

ಎಚ್ಚರ ಬೇಕಾದದ್ದು ಮಾತಿನಲ್ಲಿ. ‘ಆಫ್ರಿಕಾದವರು ಹೀಗೆ’ ಅನ್ನಬೇಡಿ; ಅಲ್ಲಿ 54 ದೇಶಗಳಿವೆ. ‘ಘಾನಾದಲ್ಲಿ’, ‘ಕೀನ್ಯಾದಲ್ಲಿ’ ಅನ್ನಿ. ಯಲ್ಲಾಪುರ, ಹಳಿಯಾಳದ ಕಡೆ ನಿಮ್ಮ ಕೊಠಡಿಯಲ್ಲೇ ಸಿದ್ದಿ ಮಕ್ಕಳಿರಬಹುದು. ಅವರ ಹಿರೀಕರು ಆಫ್ರಿಕಾದಿಂದ ಬಂದವರು, ಮಕ್ಕಳು ಇಲ್ಲಿಯವರೇ. ಅವರನ್ನು ಎಬ್ಬಿಸಿ ನಿಲ್ಲಿಸಿ ತೋರಿಸುವುದು ಖಂಡಿತ ಬೇಡ.

ಆಟ ಮುಗಿದ ಕೂಡಲೇ ಗುಳಿಗೆ ಹಾಕಿದಷ್ಟೇ ಬೀಜ ಮತ್ತೆ ತುಂಬಿಸಿ. ಗುಳಿಗಳಲ್ಲಿ ಎಷ್ಟು ಕಡಿಮೆಯಾಯಿತೋ ಅಷ್ಟು ಬೀಜ ಕಳೆದಿದೆ ಎಂದರ್ಥ. ಚಾಪೆಯ ಅಡಿ, ಜೇಬು, ಬಾಯಿ, ಮೂಗು ಎಲ್ಲ ನೋಡಿ, ಸಿಗುವ ತನಕ ಯಾರನ್ನೂ ಏಳಿಸಬೇಡಿ. ಮೂರು ವರ್ಷದೊಳಗಿನ ತಮ್ಮ ತಂಗಿಯರು ಪಕ್ಕದಲ್ಲಿದ್ದರೆ ಆ ದಿನ ಮಣೆ ಹೊರಗೆ ತೆಗೆಯಲೇಬೇಡಿ.