ಮೊದಲೇ ದಾರಿ ಬಿಡಿ: ಥೇಮ್ಸ್ ನದಿಯ ಹಾಯಿ ಬಾರ್ಜ್ ಪಂದ್ಯ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ನಾನು ಹೇಳಬೇಕು ಅಂದುಕೊಂಡು ಬಂದಿರುವುದು ಒಂದೇ ಮಾತು. ನೀರಿನ ಮೇಲೆ ದಾರಿ ಬಿಡಬೇಕಾದವರು ನೀವಾದರೆ, ಮೊದಲೇ ಬಿಡಿ. ಎದುರಿನವರಿಗೆ ಕಾಣುವ ಹಾಗೆ ಬಿಡಿ. ಗಂಗೊಳ್ಳಿ, ಮಲ್ಪೆ ಕಡೆ ಅಳಿವೆ ಬಾಗಿಲಲ್ಲಿ ದೋಣಿ ನಡೆಸುವವರು ಈಗ ರೇಡಿಯೊ ಹಾಕಿಕೊಂಡಿದ್ದರೆ, ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಲಂಡನ್ನಿನ ಥೇಮ್ಸ್ ನದಿಗೆ ಹೋಗೋಣ.

ಥೇಮ್ಸ್ ಒಳಗೆ ಸಮುದ್ರದ ನೀರು ದಿನಕ್ಕೆ ಎರಡು ಸಲ ನುಗ್ಗುತ್ತದೆ, ಎರಡು ಸಲ ಹೊರಗೆ ಹೋಗುತ್ತದೆ. ನಮ್ಮ ಮಂಗಳೂರಲ್ಲಿ ಭರತಕ್ಕೂ ಇಳಿತಕ್ಕೂ ನಡುವೆ ಎರಡು ಮೀಟರ್ ಕೂಡ ವ್ಯತ್ಯಾಸ ಇರುವುದಿಲ್ಲ. ಲಂಡನ್ ಸೇತುವೆಯ ಹತ್ತಿರ ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ನೀರು 6 ಮೀಟರಿಗಿಂತ ಜಾಸ್ತಿ ಏರುತ್ತದೆ. ಅಷ್ಟು ನೀರು ಸುಮಾರು ಆರು ಗಂಟೆಯಲ್ಲಿ ಒಳಗೆ ಬಂದು, ಮತ್ತೆ ಹೆಚ್ಚುಕಮ್ಮಿ ಅಷ್ಟೇ ಹೊತ್ತಲ್ಲಿ ಹೊರಗೆ ಹೋಗಬೇಕು. ಸೆಳೆತ ಹೇಗಿರಬಹುದು, ನೀವೇ ಯೋಚಿಸಿ.

ಆ ಸೆಳೆತವನ್ನೇ ನಂಬಿ ಒಂದು ಕಾಲದಲ್ಲಿ ಲಂಡನ್ ನಗರ ಬದುಕಿತ್ತು. ಸುಮಾರು 80, 90 ಅಡಿ ಉದ್ದದ ಹಾಯಿ ಬಾರ್ಜ್‌ಗಳು, ಅಂದರೆ ಹಾಯಿ ಕಟ್ಟಿದ ಚಪ್ಪಟೆ ತಳದ ಸರಕು ದೋಣಿಗಳು, ಇಟ್ಟಿಗೆ, ಸಿಮೆಂಟು, ಧಾನ್ಯ ತರುತ್ತಿದ್ದವು. ಊರಿನ ಕುದುರೆಗಳಿಗೆ ಒಣಹುಲ್ಲು ತಂದು, ವಾಪಸ್ ಹೋಗುವಾಗ ಅದೇ ಕುದುರೆಗಳ ಗೊಬ್ಬರ ಹೊತ್ತೊಯ್ಯುತ್ತಿದ್ದವು. ಹುಲ್ಲಿನ ಬಣವೆ ಎಷ್ಟು ಎತ್ತರ ಇರುತ್ತಿತ್ತು ಅಂದರೆ ಚುಕ್ಕಾಣಿ ಹಿಡಿದವನಿಗೆ ಮುಂದೆ ಏನೂ ಕಾಣದು. ಜೊತೆಗಾರ ಬಣವೆ ಹತ್ತಿ ಕೂಗಿ ಹೇಳಬೇಕು. ಇಡೀ ಬಾರ್ಜಿಗೆ ಇಬ್ಬರೇ ಆಳು!

1863ರಲ್ಲಿ ಹೆನ್ರಿ ಡಾಡ್ ಎಂಬವರು ಇವುಗಳಿಗೆ ಪಂದ್ಯ ಶುರು ಮಾಡಿದರು. ಲಂಡನ್ನಿನ ಕಸ ಸಾಗಿಸಿಯೇ ಶ್ರೀಮಂತರಾದವರು ಅವರು. ಬಾರ್ಜ್ ಕೆಲಸದವರಿಗೆ ಮರ್ಯಾದೆ ಸಿಗಲಿ, ಅವರ ಕೈಚಳಕ ಬೆಳೆಯಲಿ ಅನ್ನುವುದು ಅವರ ಆಸೆ. ಅದು ನೆರವೇರಿತು. ಗೆಲ್ಲುವ ಹಟದಲ್ಲಿ ಬಾರ್ಜ್ ಕಟ್ಟುವ ರೀತಿಯೇ ಸುಧಾರಿಸಿತು. ಬರೀ ಹಾಯಿ ನಂಬಿ ಸರಕು ಸಾಗಿಸಿದ ಕೊನೆಯ ಬಾರ್ಜ್ ಕೇಂಬ್ರಿಯಾ. 1906ರಲ್ಲಿ ಕಟ್ಟಿದ್ದು, 1970ರವರೆಗೆ ದುಡಿಯಿತು. ಸರಕಿನ ಕಾಲ ಮುಗಿಯಿತು, ಪಂದ್ಯ ಮಾತ್ರ ಇವತ್ತಿಗೂ ನಡೆಯುತ್ತಿದೆ.

ಈಗ ನಿಯಮ. ಎಡಗಡೆಯಿಂದ ಗಾಳಿ ಹಿಡಿದವನು ಬಲಗಡೆಯಿಂದ ಗಾಳಿ ಹಿಡಿದವನಿಗೆ ದಾರಿ ಬಿಡಬೇಕು. ಇಬ್ಬರಿಗೂ ಒಂದೇ ಕಡೆಯಿಂದ ಗಾಳಿ ಇದ್ದರೆ, ಗಾಳಿ ಬರುವ ಬದಿಯಲ್ಲಿರುವವನು ಬಿಡಬೇಕು. ಹಿಂದಿನಿಂದ ಬಂದು ದಾಟುವವನು ದೂರ ಸರಿದು ದಾಟಬೇಕು. ಇಷ್ಟೇ. ಮಕ್ಕಳೂ ಕಲಿಯಬಹುದು. ಆದರೆ ಯಾವಾಗ ಬಿಡಬೇಕು? ಎಲ್ಲರೂ ಎಡವುವುದು ಇಲ್ಲೇ. ನಾನು ಒಮ್ಮೆ ಅತಿಥಿಯಾಗಿ ಬಾರ್ಜ್ ಹತ್ತಿದ್ದಾಗ ಕಂಡದ್ದನ್ನು ಹೇಳುತ್ತೇನೆ, ಸ್ವಲ್ಪ ನಿಧಾನವಾಗಿ ಕೇಳಿ.

ಪಂದ್ಯದ ಕೊನೆಯ ಭಾಗ. ನದಿಯ ಮೇಲ್ಗಡೆಗೆ, ಅಂದರೆ ಪಶ್ಚಿಮಕ್ಕೆ ಹೋಗಬೇಕು. ಗಾಳಿಯೂ ಪಶ್ಚಿಮದ್ದೇ, ನೇರ ಮುಖಕ್ಕೆ. ಸಾಲದ್ದಕ್ಕೆ ಇಳಿತ ಶುರುವಾಗಿ ನೀರೂ ಎದುರು. ಹಾಗಾಗಿ ಅಡ್ಡಡ್ಡ ಓಡುತ್ತ, ಆ ದಡ ಈ ದಡ ಮಾಡುತ್ತ ಏರಬೇಕು. ನಾವು ಉತ್ತರದ ಎಸೆಕ್ಸ್ ದಡದ ಕಡೆ ಹೊರಟಿದ್ದೆವು, ಎಡಗಡೆಯಿಂದ ಗಾಳಿ. ದಡದ ಹತ್ತಿರ ನೀರು ಆಳ ಇಲ್ಲ, ಸೆಳೆತವೂ ಕಡಿಮೆ. ಬಾರ್ಜಿನ ತಳ ಚಪ್ಪಟೆ. ಖಾಲಿ ಇದ್ದರೆ ಮೂರು ಅಡಿ ನೀರು ಸಾಕು. ಪಕ್ಕಕ್ಕೆ ಜಾರದಿರಲಿ ಅಂತ ಎರಡೂ ಬದಿಗೆ ಲೀಬೋರ್ಡ್ ಎಂಬ ಭಾರಿ ಮರದ ಹಲಗೆ ತೂಗುಹಾಕಿರುತ್ತಾರೆ. ಅದು ಕೆಸರಿಗೆ ತಾಗಿದರೆ ತಾನೇ ಮೇಲೇಳುತ್ತದೆ. ಚುಕ್ಕಾಣಿಯವರಿಗೆ ಆಳ ಹೇಳುವುದು ಅದೇ.

ಅಷ್ಟರಲ್ಲಿ ಆ ದಡದಿಂದ ಇನ್ನೊಂದು ಬಾರ್ಜ್ ಹೊರಟು ಬಂತು, ಬಲಗಡೆಯಿಂದ ಗಾಳಿ ಹಿಡಿದು. ಹಕ್ಕು ಅವರದು. ಇನ್ನೂ ಎಷ್ಟೋ ದೂರ ಇದೆ ಅಂತ ನನಗನಿಸಿತು. ನಮ್ಮ ಕಪ್ತಾನರು ಆಗಲೇ ಚಕ್ರ ತಿರುಗಿಸಿದ್ದರು. ನಮ್ಮ ಮೂತಿ ಅವರ ಹಿಂಭಾಗದ ಕಡೆ ನೆಟ್ಟಗೆ ತಿರುಗಿತು. ಎದುರಿನ ಚುಕ್ಕಾಣಿಯವರು ಕೈ ಎತ್ತಿದರು. ಅರ್ಥವಾಯಿತು ಅಂತ. ಅವರು ಒಂದಿಷ್ಟೂ ಹಾಯಿ ಮುಟ್ಟದೆ ನಮ್ಮ ಮುಂದೆ ದಾಟಿ ಹೋದರು.

ನಮ್ಮ ಹಿಂದೆಯೇ ಮೂರನೆಯದೊಂದು ಇತ್ತು. ಅವರೂ ಬಿಡಬೇಕಾದವರೇ. ಬಿಡಲಿಲ್ಲ. ದಾಟಿಬಿಡಬಹುದು ಅಂತ ನೋಡುತ್ತ ಬಂದರು. ತೀರಾ ಹತ್ತಿರವಾದ ಮೇಲೆ ಗಾಬರಿಯಾಗಿ ಮಗ್ಗುಲು ಬದಲಿಸಲು, ಅಂದರೆ ಗಾಳಿ ಇನ್ನೊಂದು ಬದಿಯಿಂದ ಹಿಡಿಯುವ ಹಾಗೆ ತಿರುಗಲು, ಹೊರಟರು. ಬಾರ್ಜ್ ಮಗ್ಗುಲು ಬದಲಿಸುವುದು ಅಂದರೆ ಸ್ಕೂಟರ್ ತಿರುಗಿಸಿದ ಹಾಗಲ್ಲ ಕೇಳುಗರೇ. ಮುಂದಿನ ಹಾಯಿಯನ್ನು ಹಗ್ಗ ಬಿಗಿದು ಹಿಂದಿನ ಮಗ್ಗುಲಲ್ಲೇ ಹಿಡಿದಿರಬೇಕು. ಗಾಳಿ ಅದರ ಬೆನ್ನಿಗೆ ಬಡಿದು ಮೂತಿಯನ್ನು ಆಚೆಗೆ ತಳ್ಳಬೇಕು. ದೊಡ್ಡ ಹಾಯಿಯ ಹಗ್ಗ ಡೆಕ್ಕಿನ ಅಡ್ಡತೊಲೆಯ ಮೇಲೆ ಧಡಕ್ಕನೆ ಆ ಬದಿಗೆ ಸರಿಯುತ್ತದೆ, ಕಾಲು ಅಲ್ಲಿದ್ದರೆ ಮುಗಿಯಿತು. ಒಂದು ಲೀಬೋರ್ಡ್ ಇಳಿಸಬೇಕು, ಇನ್ನೊಂದನ್ನು ಚಕ್ರ ಸುತ್ತಿ ಎತ್ತಬೇಕು. ಮೂತಿ ಪೂರ್ತಿ ತಿರುಗಿತು ಅಂದಮೇಲೆಯೇ ಕಪ್ತಾನರು ಕೂಗುತ್ತಾರೆ, ಆಗ ಮುಂದಿನ ಹಗ್ಗ ಬಿಡಬೇಕು.

ಅವತ್ತು ಆ ಹಗ್ಗ ಹಿಡಿದಿದ್ದ ಹುಡುಗ ಗಡಿಬಿಡಿಯಲ್ಲಿ ಮೊದಲೇ ಬಿಟ್ಟುಬಿಟ್ಟ. ಮೂತಿ ಅರ್ಧಕ್ಕೆ ನಿಂತಿತು. ಹಾಯಿಗಳೆಲ್ಲ ಪಟಪಟ ಹೊಡೆದುಕೊಳ್ಳತೊಡಗಿದವು. ಬಾರ್ಜ್ ಮುಂದಕ್ಕೂ ಇಲ್ಲ, ಪಕ್ಕಕ್ಕೂ ಇಲ್ಲ. ಇಳಿತ ಅದನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಎಳೆದುಕೊಂಡು ಹೋಯಿತು. ಡಿಕ್ಕಿಯಾಗಲಿಲ್ಲ, ಅದು ದೇವರ ದಯೆ. ಕೊನೆಗೆ ಲಂಗರು ಹಾಕಿ ನಿಂತರು. ದಾರಿ ಬಿಟ್ಟ ನಾವು ಅಷ್ಟರಲ್ಲಿ ಬಹಳ ಮುಂದೆ ಹೋಗಿದ್ದೆವು. ಬೇಗ ಬಿಟ್ಟವರಿಗೆ ನಷ್ಟ ಅಂತ ಹೇಳುವವರು ಇದನ್ನು ನೋಡಬೇಕಿತ್ತು.

ಲಂಗರು ಹಾಕಿದ್ದು ತಪ್ಪಲ್ಲ. ಗಾಳಿ ಬಿದ್ದು ನೀರು ಹಿಂದಕ್ಕೆ ಒಯ್ಯುತ್ತಿದ್ದರೆ ಪಂದ್ಯದ ನಡುವೆಯೂ ಲಂಗರು ಹಾಕಬಹುದು. ಎಲ್ಲರೂ ಹಿಂದೆ ಹೋಗುವಾಗ ನಿಂತವನೇ ಮುಂದೆ, ಅಲ್ವಾ? ಹೊರಡುವಾಗ ಮಾತ್ರ ಲಂಗರು ಎತ್ತಿಕೊಂಡೇ ಹೊರಡಬೇಕು.

ಸಮಯ ಮುಗಿಯುತ್ತ ಬಂತು ಅಂತ ಗಾಜಿನ ಆಚೆಯಿಂದ ಸನ್ನೆ ಮಾಡುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಆರಂಭದ ಗುಂಡು ಹಾರುವ ಮೊದಲೇ ಗೆರೆ ದಾಟಿದವರು ವಾಪಸ್ ಬಂದು ಮತ್ತೆ ಹೊರಡಬೇಕು. ಇಳಿತದಲ್ಲಿ ಹೊರಡುವಾಗ ನೀರೇ ನಿಮ್ಮನ್ನು ಗೆರೆಯ ಆಚೆ ತಳ್ಳುತ್ತದೆ, ವಾಪಸ್ ಬರುವುದು ಅದೇ ನೀರಿಗೆ ಎದುರಾಗಿ. ಅದಕ್ಕೇ ಗೆರೆಯಿಂದ ದೂರ ಇದ್ದು ಕಾಯಿರಿ. ಮೂತಿಗೆ ಉದ್ದ ಕಂಬ ಕಟ್ಟಿ ಹೆಚ್ಚಿಗೆ ಹಾಯಿ ಏರಿಸುವ ಬಾರ್ಜ್‌ಗಳದು ಬೇರೆ ಗುಂಪು, ಇಲ್ಲದವುಗಳದು ಬೇರೆ. ಮುಂದೆ ನೆಲ ತಾಗುವಂತಿದ್ದು ತಿರುಗಲು ಜಾಗ ಬೇಕಿದ್ದರೆ ಕೂಗಿ ಕೇಳಿ. ಪಕ್ಕದವರು ಜಾಗ ಕೊಡಲೇಬೇಕು.

ಇನ್ನು ದೊಡ್ಡ ಹಡಗು. ಹಾಯಿ ಇದ್ದವರಿಗೆ ಯಾವಾಗಲೂ ಹಕ್ಕು ಅಂತ ಎಷ್ಟು ಜನ ಸುಮ್ನೆ ನಂಬಿಕೊಂಡಿದ್ದಾರೋ! ಹಾಗಿಲ್ಲ. ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ 1972ರ ಅಂತರರಾಷ್ಟ್ರೀಯ ನಿಯಮಗಳ 9ನೆಯದನ್ನು ಓದಿ. ಕಿರಿದಾದ ಕಾಲುವೆಯ ಒಳಗಷ್ಟೇ ಓಡಬಲ್ಲ ಹಡಗಿಗೆ ಹಾಯಿ ದೋಣಿ ಅಡ್ಡಿಯಾಗಬಾರದು. ಥೇಮ್ಸ್ ಇವತ್ತಿಗೂ ಕಂಟೇನರ್ ಹಡಗು ಓಡಾಡುವ ನದಿ. ಅವರಿಗೆ ಪಕ್ಕಕ್ಕೆ ಸರಿಯಲು ಆಳವೇ ಇಲ್ಲ. ಪಂದ್ಯದಲ್ಲಿ ಮುಂದಿದ್ದರೂ ಸರಿ, ಹಡಗು ದೂರ ಕಾಣುತ್ತಿದ್ದ ಹಾಗೆಯೇ ಸರಿದುಬಿಡಿ. ಸಾಧ್ಯವಾಗದಷ್ಟು ಗಾಳಿ ಬಿದ್ದಿದ್ದರೆ ಎಂಜಿನ್ ಹಾಕಿ, ಪಂದ್ಯ ಬಿಟ್ಟು ಹೊರಗೆ ಬನ್ನಿ. ಆ ಬಗ್ಗೆ ಕಪ್ತಾನರ ಹತ್ತಿರ ಯಾರೂ ವಾದ ಮಾಡಬಾರದು.

ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಲಂಡನ್ನಿನಲ್ಲಿದ್ದು ಬೇಸಿಗೆಯಲ್ಲಿ ನೀವು ಅಲ್ಲಿಗೆ ಹೋದರೆ, ಗ್ರೇವ್ಸೆಂಡಿನ ನದಿ ದಡಕ್ಕೆ ಒಂದು ಸಲ ಹೋಗಿ. ಪಂದ್ಯದ ದಿನ ಮೊದಲೇ ವಿಚಾರಿಸಿಕೊಳ್ಳಿ. ಕೆಂಪು ಮಣ್ಣಿನ ಬಣ್ಣದ ಹಾಯಿಗಳು ದೂರದಿಂದಲೇ ಗೊತ್ತಾಗುತ್ತವೆ. ಎರಡು ಬಾರ್ಜ್ ಹತ್ತಿರ ಬರುವಾಗ ಮೊದಲು ಯಾರ ಮೂತಿ ತಿರುಗುತ್ತದೆ ಅಂತ ಗಮನಿಸಿ. ನಮಸ್ಕಾರ.