ಮಾತಾಡುವುದೂ ಕೆಲಸವೇ ಕಣ್ರೀ!

ನಮಸ್ಕಾರ, ಮಡಿಕೇರಿಯಿಂದ. ಹಿಂದೆ ಕೇಳುತ್ತಿರುವುದು ಚಪ್ಪಾಳೆ ಅಲ್ಲ, ಶೀಟಿನ ಮೇಲೆ ಬೀಳುವ ಮಳೆ. ಹೋದ ವಿಡಿಯೋಗೆ ಒಬ್ಬರು ಬರೆದಿದ್ದಾರೆ: 'ಪಿಆರ್, ಅಂದರೆ ಸಾರ್ವಜನಿಕ ಸಂಪರ್ಕ, ಬರೀ ಬೆಣ್ಣೆ ಹಚ್ಚುವುದು. ಕೆಲಸ ಬಲ್ಲವನಿಗೆ ಮಾತು ಯಾಕೆ? ಮಾತು ಬೆಳ್ಳಿ, ಮೌನ ಬಂಗಾರ.' ಸರಿ ಸ್ವಾಮಿ, ಬಂಗಾರ ಲಾಕರ್‌ನಲ್ಲಿಟ್ಟು ಕೂತಿರಿ. ಪ್ರಮೋಷನ್ ಪಕ್ಕದ ಟೇಬಲ್‌ಗೆ ಹೋಗುತ್ತದೆ. ಮಾತಾಡುವುದೂ ಕೆಲಸವೇ!

ತೋಟದ ಲೆಕ್ಕದಲ್ಲೇ ಹೇಳುತ್ತೇನೆ. ಹೂವಿನ ಸಮಯ, ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಿದ್ದೀರಿ, ಪಂಪ್ ಕೆಟ್ಟಿತು. ಒಬ್ಬ ರೈಟರ್, ಅಂದರೆ ತೋಟದ ಲೆಕ್ಕ-ಕೆಲಸ ನೋಡಿಕೊಳ್ಳುವವನು, ಅವತ್ತೇ ಸಂಜೆ ಫೋನ್ ಮಾಡುತ್ತಾನೆ: 'ಪಂಪ್ ನಿಂತಿದೆ, ಅರ್ಧ ಬ್ಲಾಕ್ ಬಾಕಿ, ನಾಳೆ ಗೋಣಿಕೊಪ್ಪದಿಂದ ಮೆಕ್ಯಾನಿಕ್ ಬರುತ್ತಾನೆ.' ಇನ್ನೊಬ್ಬ ಸ್ಪ್ಯಾನರ್ ಹಿಡಿದುಕೊಂಡು ಮೂರು ದಿನ ಸುಮ್ನೆ ಇರುತ್ತಾನೆ. ನಿಮ್ಮ ಇನ್ನೊಂದು ತೋಟವನ್ನು ಯಾರ ಕೈಗೆ ಕೊಡುತ್ತೀರಿ? ಬಂಗಾರದವನಿಗಾ?

ಕಾರ್ಪೊರೇಟ್‌ನಲ್ಲೂ ಅದೇ, ಪಂಪ್ ದೊಡ್ಡದು ಅಷ್ಟೆ. 1982ರಲ್ಲಿ ಚಿಕಾಗೋ ಕಡೆ ಯಾರೋ ಟೈಲೆನಾಲ್ ಎಂಬ ನೋವಿನ ಮಾತ್ರೆಗೆ ಸಯನೈಡ್ ಬೆರೆಸಿದರು. 7 ಜನ ಸತ್ತರು. ಅದನ್ನು ತಯಾರಿಸುತ್ತಿದ್ದ ಜಾನ್ಸನ್ ಆಂಡ್ ಜಾನ್ಸನ್ ಮುಖ್ಯಸ್ಥ ಜೇಮ್ಸ್ ಬರ್ಕ್ ಅಡಗಿ ಕೂರಲಿಲ್ಲ. ಟಿವಿ ಮುಂದೆ ಬಂದರು, ಸುಮಾರು 3 ಕೋಟಿ 10 ಲಕ್ಷ ಬಾಟಲಿ ವಾಪಸ್ ತರಿಸಿದರು. ಬ್ರ್ಯಾಂಡ್ ಉಳಿಯಿತು.

ಎಣ್ಣೆ ಕಂಪನಿ ಬಿಪಿಯ ಮುಖ್ಯಸ್ಥರಾಗಿದ್ದ ಟೋನಿ ಹೇವರ್ಡ್ ನೋಡಿ. ಭೂವಿಜ್ಞಾನದಲ್ಲಿ ಪಿಎಚ್‌ಡಿ! ಕೆಲಸ ಗೊತ್ತಿರಲಿಲ್ಲವಾ? 2010ರಲ್ಲಿ ಸಮುದ್ರದಲ್ಲಿ ಎಣ್ಣೆ ಬಾವಿ ಕೊರೆಯುವ ರಿಗ್ ಸ್ಫೋಟದಲ್ಲಿ 11 ಜನ ಸತ್ತು, ಸಮುದ್ರಕ್ಕೆ ಎಣ್ಣೆ ಹರಿಯುತ್ತಿರುವಾಗ, 'ನನ್ನ ಜೀವನ ನನಗೆ ವಾಪಸ್ ಬೇಕು' ಅಂದುಬಿಟ್ಟರು. ಅದೇ ವರ್ಷ ಕುರ್ಚಿ ಹೋಯಿತು. ಮಾತಾಡುವುದೂ ಕೆಲಸವೇ ರೀ!

'ಅದೆಲ್ಲ ಅಮೆರಿಕ' ಅನ್ನುತ್ತೀರಾ? ನೆಸ್ಲೆಯ ಮ್ಯಾಗಿ ಕಾರ್ಖಾನೆ ಇರುವ ನಮ್ಮ ನಂಜನಗೂಡಿಗೆ ಬನ್ನಿ. 2015ರಲ್ಲಿ ಮ್ಯಾಗಿ ನಿಷೇಧವಾದಾಗ ನೆಸ್ಲೆ ಏನು ಮಾಡಿತು? ಫಿಲಿಪ್ಪೀನ್ಸ್‌ನಲ್ಲಿ ಕಂಪನಿ ನಡೆಸುತ್ತಿದ್ದ ಸುರೇಶ್ ನಾರಾಯಣನ್ ಅವರನ್ನು ಕರೆಸಿ ನೆಸ್ಲೆ ಇಂಡಿಯಾದ ಚುಕ್ಕಾಣಿ ಕೊಟ್ಟಿತು. ನವೆಂಬರ್‌ಗೆ ಮ್ಯಾಗಿ ಮತ್ತೆ ಅಂಗಡಿಯಲ್ಲಿ. 'ಉಳಿಸಿದ್ದು ಲ್ಯಾಬ್ ರಿಪೋರ್ಟ್, ಕೋರ್ಟು' ಅಂತೀರಾ? ಹೌದಪ್ಪ. ರಿಪೋರ್ಟ್‌ಗೆ ಬಾಯಿ ಇರುತ್ತದಾ? ಅದನ್ನು ಅಮ್ಮಂದಿರಿಗೆ ಹೇಳುವವರು ಬೇಡವಾ?

ಅಂದಹಾಗೆ, ಮುಂದಿನ ಶನಿವಾರ ವಿರಾಜಪೇಟೆಯಲ್ಲಿ ನನ್ನ ಕಾರ್ಯಾಗಾರ ಇದೆ. ಬೆಣ್ಣೆ ಹಚ್ಚುವುದು ಸಿಲೆಬಸ್‌ನಲ್ಲಿಲ್ಲ, ತಿಂಡಿಗೆ ಕೊಡುವ ಅಕ್ಕಿ ರೊಟ್ಟಿಗೆ ಮಾತ್ರ. ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ.

ಇನ್ನೊಂದು ಕಾರಣ ಬರೆದಿಟ್ಟಿದ್ದೆ... ಚೀಟಿ ಒದ್ದೆಯಾಗಿದೆ. ಬಿಡಿ, ಮಾತಾಡುವುದೂ ಕೆಲಸವೇ, ಅಷ್ಟೇ! ಕಾಮೆಂಟ್ ಬರೆದವರೇ, ಮೌನ ಬಂಗಾರ ಅಂತ ಹೇಳುವುದಕ್ಕೆ ಹನ್ನೊಂದು ಸಾಲು ಬರೆದಿದ್ದೀರಲ್ಲ, ಸುಮ್ನೆ ಇರಲಿಕ್ಕೆ ಆಗಲಿಲ್ಲ ಅಲ್ವಾ? ಹೋ, ಕರೆಂಟ್ ಹೋಯಿತು. ಬಾಕಿ ಜಗಳ ನಾಳೆ.