ನೀರು ಅವರದು, ನೆಲ ಇವರದು

ಕೇಳುಗರಿಗೆ ನಮಸ್ಕಾರ.

ಆಫ್ರಿಕಾದ ಮಲಾವಿ ಸರೋವರದಲ್ಲಿ ಲಿಕೋಮ ಅಂತ ಒಂದು ಪುಟ್ಟ ದ್ವೀಪವಿದೆ. ಹದಿನೆಂಟು ಚದರ ಕಿಲೋಮೀಟರ್, ಅಷ್ಟೇ. ಪೂರ್ವ ದಿಕ್ಕಿಗೆ ನೋಡಿದರೆ ಮೊಜಾಂಬಿಕ್‌ನ ಗುಡ್ಡಗಳು ಕಣ್ಣೆದುರೇ. ಸುತ್ತಲಿನ ನೀರೂ ಮೊಜಾಂಬಿಕ್‌ನದೇ. ದ್ವೀಪ ಮಾತ್ರ ಮಲಾವಿಯದು! ಪಕ್ಕದ ಚಿಜುಮುಲು ದ್ವೀಪದ ಕಥೆಯೂ ಇದೇ.

ಈ ತೊಡಕಿನ ಹಿಂದೆ ಇರುವುದು ಒಂದು ಮಿಷನ್. 1880ರ ದಶಕದಲ್ಲಿ ಇಂಗ್ಲೆಂಡಿನ ಪಾದ್ರಿಗಳು ಇಲ್ಲಿ ಬಂದು ನೆಲೆಯೂರಿದರು. ಮುಂದೆ ಎದುರು ದಡ ಪೋರ್ಚುಗೀಸರ ಪಾಲಾಯಿತು, ದ್ವೀಪ ಬ್ರಿಟಿಷರ ಕೈಯಲ್ಲೇ ಉಳಿಯಿತು. 1954ರಲ್ಲಿ ಇಬ್ಬರೂ ಕೂತು ಸರೋವರದ ನಡುವೆ ಗೆರೆ ಎಳೆದರು. ದ್ವೀಪ ಗೆರೆಯ ಆಚೆಗೆ ಬಿತ್ತು, ಒಡೆತನ ಈಚೆಗೇ ಉಳಿಯಿತು. 1964ರಲ್ಲಿ ಮಲಾವಿ, 1975ರಲ್ಲಿ ಮೊಜಾಂಬಿಕ್ ಸ್ವತಂತ್ರವಾದವು. ಆಳುವವರು ಹೋದರು, ಗೆರೆ ಹೋಗಲಿಲ್ಲ.

ಆ ಪಾದ್ರಿಗಳಲ್ಲಿ ಒಬ್ಬರು ಚಾನ್ಸಿ ಮೇಪಲ್ಸ್. 1895ರಲ್ಲಿ ಲಂಡನ್ನಿನಲ್ಲಿ ಬಿಷಪ್ ಪಟ್ಟ ಪಡೆದು ಮರಳುವಾಗ, ಇದೇ ಸರೋವರದ ಬಿರುಗಾಳಿಗೆ ದೋಣಿ ಮಗುಚಿ ತೀರಿಕೊಂಡರು. ಇದನ್ನು ಸರೋವರ ಅಂತ ಕರೆಯುವುದೇ ನನಗೆ ಸ್ವಲ್ಪ ಕಷ್ಟ. ಉದ್ದ ಸುಮಾರು 580 ಕಿಲೋಮೀಟರ್, ಎದ್ದರೆ ಸಮುದ್ರದಂಥದ್ದೇ ಅಲೆ.

1903ರಿಂದ 1911ರ ತನಕ ಇಲ್ಲಿ ಕಲ್ಲಿನ ದೊಡ್ಡ ಕೆಥೆಡ್ರಲ್ ಎದ್ದಿತು. ಬೆಸ್ತರ ಗುಡಿಸಲುಗಳ ನಡುವೆ ಬಣ್ಣದ ಗಾಜಿನ ಕಿಟಕಿಗಳ ಆ ಕಟ್ಟಡ ನೋಡಿದರೆ, ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡದೇಕೆ ಅನಿಸದೆ ಇರದು. ಆಫ್ರಿಕಾ ಸುತ್ತಿದ ಲಿವಿಂಗ್‌ಸ್ಟನ್ನರ ಹೃದಯವನ್ನು ಹೂತ ಜಾಗದ ಮರದಿಂದ ಅಲ್ಲಿನ ಶಿಲುಬೆ ಮಾಡಿದ್ದು ಅನ್ನುತ್ತಾರೆ.

ದ್ವೀಪದಲ್ಲಿ ಎಲ್ಲೆಲ್ಲೂ ಬಾವೊಬಾಬ್ ಮರಗಳು. ಸವಣೂರಿನವರಿಗೆ ಬೇರೆ ಹೇಳಬೇಕಿಲ್ಲ, ನಮ್ಮ ದೊಡ್ಡ ಹುಣಸೆ ಮರವೇ ಅದು. ನೆಲದಲ್ಲಿ ಮರಗೆಣಸು, ಅಂಗಳದಲ್ಲಿ ಮಾವು. ದಡದ ಉದ್ದಕ್ಕೂ ನಾಲ್ಕು ಗೂಟ ನೆಟ್ಟು, ಮೇಲೆ ಜೊಂಡಿನ ಚಾಪೆ ಹಾಸಿ, ಬೆರಳುದ್ದದ ಉಸಿಪಾ ಮೀನು ಹರಡಿರುತ್ತಾರೆ. ಕೈಯಾಡಿಸಿ ತಿರುವಿ ಹಾಕುವ ಹೆಂಗಸರ ಅಂಗೈ ತುಂಬ ಬೆಳ್ಳಿಪುಡಿಯಂಥ ಹೊಳಪು.

ಒಣಗಿದ ಮೀನು ಮೂಟೆಯಾಗಿ ಹೊರಡುತ್ತದೆ. ಅದಕ್ಕೆ ಬೇಕಾದದ್ದು ಹಡಗು. 1951ರಲ್ಲಿ ಓಡಾಟ ಶುರುಮಾಡಿದ 'ಇಲಾಲ' ದಡದಿಂದ ದೂರದಲ್ಲೇ ನಿಲ್ಲುತ್ತಿತ್ತು. ಜನ, ಮೂಟೆ, ಕೋಳಿ ಎಲ್ಲವೂ ಸಣ್ಣ ದೋಣಿಯಲ್ಲಿ ಹೋಗಿ ಹತ್ತಬೇಕಿತ್ತು. ಹೊತ್ತಿಗೆ ಸರಿಯಾಗಿ ಬರುವ ಹಡಗೇನೂ ಆಗಿರಲಿಲ್ಲ ಅದು. ದೂರದಲ್ಲಿ ದೀಪ ಕಂಡ ಮೇಲೆಯೇ ಜನ ಗಂಟುಮೂಟೆ ಎತ್ತಿಕೊಳ್ಳುತ್ತಿದ್ದುದು.

ನಮಸ್ಕಾರ.